ಅವ್ವನ ನಾಳೆಯ ಮಾತು

ಅವ್ವನ ಕೈ ನಡುಗತೊಡಗಿದಾಗ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ನಿಧಾನಕ್ಕೆ ಏರುವ ಬೇನೆ ಇದು, ಮುಂದೆ ಎಬ್ಬಿಸಲು, ಜಳಕ ಮಾಡಿಸಲು ಜನ ಬೇಕಾಗುತ್ತದೆ, ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ ಎಂದರು. ಸೇಡಂನ ಮನೆಯಲ್ಲಿ ಆಕೆಯ ಜೊತೆ ಇರುವವಳು ನಾನೊಬ್ಬಳೇ. ದಿನಾ ಚಿತ್ತಾಪುರದ ಶಾಲೆಗೆ ಪಾಠ ಹೇಳಲು ಹೋಗಿಬರುತ್ತೇನೆ. ಅದಕ್ಕೇ ವಾಡಿಯಿಂದ ಅಣ್ಣನನ್ನೂ ಶಹಾಬಾದಿನಿಂದ ತಮ್ಮನನ್ನೂ ಒಂದು ರವಿವಾರ ಕರೆಸಿದೆ.

ಚಹಾ ಆದಮೇಲೆ ಶುರುಮಾಡಿದೆ. "ಅವ್ವಗ ನಡೀಲಿಕ್ಕ ಆಗದಂಗ ಆದಾಗ..."

"ಏ, ಬಿಡ್ತು ಅನ್ನು! ಮೊದಲ ಬಿಡ್ತು ಅನ್ನು!" ಅಣ್ಣ ಹೌಹಾರಿದ.

ಬಾಯಿಂದ ಕೆಟ್ಟದ್ದು ಬಂದರೆ ಅದು ನಿಜವಾಗುವ ಮೊದಲೇ ಹಿಂದಕ್ಕೆ ತೆಗೆದುಕೊಳ್ಳಬೇಕಲ್ಲ! ಬಿಡ್ತು ಅಂದೆ. ಪಾಯಖಾನೆಯ ಗೋಡೆಗೆ ಹಿಡಿಕೆ ಹಾಕಿಸೋಣ ಅಂದೆ, ಈ ಸಲ ತಮ್ಮ ಬಿಡ್ತು ಅನ್ನಿಸಿದ. ಯಾರು ಯಾವಾಗ ಬಂದು ಇರುತ್ತೀರಿ ಎಂದು ಕೇಳಿದೆ, ಮತ್ತೆ ಅದೇ ರಾಗ. ಥೂ! ನನ್ನ ಬಾಯಿ ಮುಚ್ಚಿಸಿದರೆ ಬೇನೆ ಹೆದರಿ ಓಡಿಹೋಗುತ್ತದೆಯೇ? ಮೈಯೆಲ್ಲ ಉರಿಯಿತು.

"ಸುಮ್ ಯಾಕ ಅಪಶಕುನ ನುಡ್ಯಾಕತ್ತಿ? ಆಗಿಂದ ಆಗ ನೋಡಿದ್ರಾಯ್ತು," ಎಂದ ತಮ್ಮ.

"ಆಗ ಯಾರ್ ನೋಡೋರು?"

"ನೀ ಅದಿಯಲ್ಲ."

ಎಷ್ಟು ಸಲೀಸಾಗಿ ಹೇಳಿದ! ಮುಂದಿನದನ್ನು ಮಾತಾಡಲೇಬಾರದು ಎಂದ ಇದೇ ಮಹಾಶಯರು ಮುಂದಿನದನ್ನೆಲ್ಲ ಯಾವಾಗಲೋ ನಿಶ್ಚಯ ಮಾಡಿಬಿಟ್ಟಿದ್ದರು. ನನ್ನ ನೌಕರಿ ಬಿಡಿಸಿ, ಮಂಚದ ಪಕ್ಕ ಕೂರಿಸಿ, ನನ್ನನ್ನು ಒಂದು ಮಾತೂ ಕೇಳದೆ.

"ಶಾಲಿ ಬಿಡ್ತೀನಂತ ಯಾರ್ ಹೇಳ್ಯಾರ ನಿಮಗ?" ಚೀರಿಬಿಟ್ಟೆ.

"ಹೆಣ್ಮಗಳು ನೀನು," ಅಣ್ಣ ಸಮಾಧಾನದ ದನಿಯಲ್ಲಿ ಹೇಳಿದ. ಆ ದನಿಗೇ ನನಗೆ ಇನ್ನಷ್ಟು ಸಿಟ್ಟು. "ಗಂಡಸರು ನಾವು. ಅವ್ವಗ ಜಳಕ ಹೆಂಗ ಮಾಡಸ್ಬೇಕು?"

ಗೋಡೆಗೆ ಆನಿಕೊಂಡು ಕೆಳಗೆ ಕೂತಿದ್ದ ಅವ್ವ ಅಲ್ಲಿಯವರೆಗೂ ಬಾಯಿ ಬಿಟ್ಟಿರಲಿಲ್ಲ. ಬಿಡಲು ನಾವು ಜಾಗ ಕೊಟ್ಟಿದ್ದರೆ ತಾನೆ!

"ನಿಮಗ ಜಳಕ ಮಾಡ್ಸುವಾಗ ಗಂಡಸು ಹೆಂಗಸು ಅಂತ ನಾ ನೋಡಿದ್ನೇನು?" ಎಂದಳು. "ಭಾಳ ದೊಡ್ಡವರಾಗೀರಿ. ಕೇಳ್ರಿಲ್ಲಿ, ಇಕಿ ಶಾಲಿ ಬಿಡಂಗಿಲ್ಲ. ನಾ ಬಿಡ್ಸಂಗಿಲ್ಲ."



ಅವ್ವ ನಡುಗುವ ಕೈಯನ್ನು ಅಣ್ಣನ ಕಡೆ ಚಾಚಿದಳು. "ಬಾ, ಎಬ್ಬಸು ನನ್ನ. ಇವತ್ತಿಂದನೇ ಕಲಿ."

ಅಣ್ಣ ಎದ್ದುಬಂದ. ರಟ್ಟೆ ಹಿಡಿಯಬೇಕೋ ಸೊಂಟ ಹಿಡಿಯಬೇಕೋ ತಿಳಿಯದೆ ನನ್ನ ಮುಖ ನೋಡಿದ.

ನಾನು ಕೂತಲ್ಲಿಂದ ಏಳಲಿಲ್ಲ.