ಭಾವನ ಎಡೆಗೆ ನಾನಿಟ್ಟದ್ದು

ಮೊನ್ನೆ ಮದ್ದೂರಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲೇ ತಳ್ಳುಗಾಡಿಯ ಮೇಲೆ ಒಬ್ಬ ಇಸ್ತ್ರಿ ಹಾಕುತ್ತಿದ್ದ. ಇದ್ದಿಲಿನ ಪೆಟ್ಟಿಗೆ, ಈಗೆಲ್ಲ ಅಪರೂಪ. ಬಿಳಿ ಪಂಚೆಯ ಮೇಲೆ ನೀರು ಚಿಮುಕಿಸಿ ಪೆಟ್ಟಿಗೆ ಎಳೆದದ್ದೇ ತಡ, ಕೆಂಡ, ಗಂಜಿ, ಒದ್ದೆ ಬಟ್ಟೆ ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ನನ್ನ ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ. ಅದು ನಮ್ಮ ಭಾವನ ಅಂಗಡಿಯ ವಾಸನೆ...

ಭಾವ ಅಂದರೆ ಅಕ್ಕನ ಗಂಡ. ಊರು ಬೆಳಕವಾಡಿಯ ಹತ್ತಿರ, ಟೈಲರ್ ಅಂಗಡಿ ಮಳವಳ್ಳಿಯಲ್ಲಿ. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಟೇಪು ಹಿಡಿಯುವ ಮೊದಲೇ ಭುಜದ ಅಳತೆ ಹೇಳಿಬಿಡುತ್ತಿದ್ದರು. ಆದರೆ ಅದು ಬೆಳಗಿನ ಭಾವ. ಮಧ್ಯಾಹ್ನ ದಾಟಿದ ಮೇಲಿನ ಭಾವನೇ ಬೇರೆ. ಒಂದು ಸಲ ಸ್ಕೂಲು ಯೂನಿಫಾರಂ ಹೊಲಿದು ಕೊಟ್ಟರು, ಒಂದು ಅಂಗಿಗೆ ಎರಡೂ ಎಡಗೈ ತೋಳು. ಬೀದಿಯೆಲ್ಲ ನಕ್ಕಿತು. ಅಕ್ಕ ನಗಲಿಲ್ಲ. ಹೊಲಿಗೆ ಬಿಚ್ಚಲು ಕೂತಳು.

ನಾನು ಕುಡಿಯಲು ಕಲಿತದ್ದು ಅವರ ಪಕ್ಕದಲ್ಲಿ ಕೂತೇ. ತಾ ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಅಂತ ನಮ್ಮವ್ವ ಅವರನ್ನು ಬೈಯುತ್ತಿದ್ದಳು. ಅದು ಪೂರ್ತಿ ನಿಜವಲ್ಲ. ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ, ಎರಡು ಬಸ್ಸು ಬದಲಿಸಿ ಮಳವಳ್ಳಿಗೆ ಹೋಗುತ್ತಿದ್ದವನು ನಾನು. ಅಷ್ಟು ದೂರ ಯಾರೂ ನನ್ನನ್ನು ಹೊತ್ತುಕೊಂಡು ಹೋಗಿರಲಿಲ್ಲ.

ಬಿಡಬೇಕೆಂದು ಭಾವ ಪ್ರಯತ್ನಿಸದೆ ಇರಲಿಲ್ಲ. ಮಾದಪ್ಪನ ಮೇಲೆ ಆಣೆ, ಊರ ಮಾರಮ್ಮನ ಮೇಲೆ ಆಣೆ, ಕೊನೆಗೆ ಮಗಳ ತಲೆ ಮುಟ್ಟಿ ಆಣೆ. ಎಲ್ಲ ಮೂರು ನಾಲ್ಕು ವಾರದ ಬಾಳಿಕೆಯವು. ಆಣೆ ಮುರಿದ ಮೇಲೆ ಮೊದಲಿಗಿಂತ ಜಾಸ್ತಿ ಕುಡಿಯುತ್ತಿದ್ದರು. ಹೇಗೂ ದೇವರಿಗೆ ಸಿಟ್ಟು ಬಂದಾಯಿತಲ್ಲ, ಇನ್ನೇನು ಉಳಿಯಿತು ಅನ್ನುವ ಲೆಕ್ಕ.

ನಲವತ್ತು ದಾಟಿದ ಮೇಲೆ ಅವರ ದಿಕ್ಕು ಬದಲಿಸಿದ್ದು ಒಂದು ಹೊಲಿಗೆಯ ಕೆಲಸವೇ. ಪರಿಚಯದವರೊಬ್ಬರು ಮಂಡ್ಯದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಳ್ಳುವವರಿದ್ದರು. ಮನೆಮಂದಿಗೆಲ್ಲ ಬಿಳಿ ಬಟ್ಟೆ ಹೊಲಿಯಲು ಕೊಟ್ಟಿದ್ದರು. ಬಟ್ಟೆ ತಡವಾಯಿತು, ತಡವಾಗಲು ಕಾರಣ ಹೇಳಬೇಕಿಲ್ಲ. ದೀಕ್ಷೆಯ ದಿನ ಬೆಳಿಗ್ಗೆ ಭಾವ ತಾವೇ ಗಂಟು ಹೊತ್ತು ಆ ಸಣ್ಣ ವಿಹಾರಕ್ಕೆ ಹೋದರು. ಕೊಟ್ಟು ಬರಬೇಕಾದವರು ಹಿಂದಿನ ಸಾಲಿನಲ್ಲಿ ಕೂತುಬಿಟ್ಟರು. ಮೂರು ಹುಣ್ಣಿಮೆ ಸುಮ್ಮನೆ ಹೋಗಿ ಬಂದರು, ನಾಲ್ಕನೆಯದಕ್ಕೆ ತಮಗೂ ಒಂದು ಜೊತೆ ಬಿಳಿ ಬಟ್ಟೆ ಹೊಲಿದುಕೊಂಡರು.

ಪಂಚಶೀಲದಲ್ಲಿ ಐದನೆಯದು ಅಮಲಿನದನ್ನು ಮುಟ್ಟುವುದಿಲ್ಲ ಎಂಬುದು. ಪಾಳಿ ಭಾಷೆಯ ಆ ಸಾಲು ಅವರ ನಾಲಿಗೆಗೆ ಸುಲಭಕ್ಕೆ ಒಗ್ಗಲಿಲ್ಲ. ಮಿಷನ್ನು ತುಳಿಯುತ್ತ, ಬಾಬಿನ್ ಬದಲಿಸುತ್ತ ಗೊಣಗಿಕೊಳ್ಳುತ್ತಿದ್ದರು. ನಾನು ಅಣಕಿಸುತ್ತಿದ್ದೆ. ಜೊತೆಗಾರ ಎದ್ದು ಹೋಗಿದ್ದನಲ್ಲ, ನನಗೆ ಹೊಟ್ಟೆಯುರಿ. ಆಗ ಅದನ್ನು ಒಪ್ಪಿಕೊಳ್ಳುವಷ್ಟು ಬುದ್ಧಿ ಇರಲಿಲ್ಲ.

ಭಾವ ಕುಡಿತ ಬಿಟ್ಟು ಎಂಟು ತಿಂಗಳಾಗಿತ್ತೇನೋ. ಮದ್ದೂರಿನಲ್ಲಿ ನಮ್ಮ ನೆಂಟರ ಬೀಗರೂಟ. ಬಾಡೂಟದ ಪಂಕ್ತಿ ಒಂದು ಕಡೆ, ಛತ್ರದ ಹಿಂದೆ ಗಂಡಸರ ಗುಂಪು ಇನ್ನೊಂದು ಕಡೆ. ಭಾವ ಊಟ ಮುಗಿಸಿ ಹೊರಟಿದ್ದರು. ನಾನೇ ಕೈ ಹಿಡಿದು ಎಳೆದೆ.

“ಬುದ್ಧ ಎಂಗೂ ಕಣ್ ಮುಚ್ಕಂಡೇ ಕುಂತವ್ನೆ, ಬುಡಿ ಭಾವ,” ಅಂದೆ.

ಎಲ್ಲರೂ ನಕ್ಕರು, ಭಾವನೂ ನಕ್ಕರು. ನಗುತ್ತಲೇ ಲೋಟ ತೆಗೆದುಕೊಂಡರು.

ಆಮೇಲೆ ಮೂರು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ದಿನ ಮುಖ ಸಪ್ಪಗೆ ಮಾಡಿಕೊಂಡು ಹೋದೆ. ಬೈಗುಳ ತಿನ್ನಲು ತಯಾರಾಗಿಯೇ ಹೋಗಿದ್ದೆ. ಭಾವ ಸ್ನಾನ ಮಾಡಿ, ಅದೇ ಬಿಳಿ ಅಂಗಿ ಹಾಕಿಕೊಂಡು, ಇಸ್ತ್ರಿ ಪೆಟ್ಟಿಗೆಗೆ ಕೆಂಡ ಊದುತ್ತಿದ್ದರು. ಊದುವುದು ನಿಲ್ಲಿಸಿದಾಗೊಮ್ಮೆ ಒಂದೊಂದು ಶೀಲ ಹೇಳಿಕೊಳ್ಳುತ್ತಿದ್ದರು. ಕೈ ನಡುಗುತ್ತಿತ್ತು. ಮತ್ತೆ ಮುರಿದ ಮೇಲೆ ಮತ್ತೆ ಯಾಕೆ ಹೇಳಿಕೊಳ್ಳುವುದು ಅಂತ ಕೇಳಿದೆ.

“ಇದು ಆಣೆ ಅಲ್ಲ ಕಣ್ಲಾ. ಆಣೆ ಮುರುದ್ರೆ ಮುಗೀತು, ದೇವ್ರ್ ತಾವ್ಕೆ ಮುಖ ಎತ್ಕಂಡ್ ಓಗಕಾಗಕಿಲ್ಲ. ಇದು ಮುರುದ್ರೆ ಬೆಳಿಗ್ಗೆ ಎದ್ದು ಇನ್ನೊಂದ್ ಸಲ ಏಳ್ಕಬೇಕು. ಅಷ್ಟೇಯ.”

ನನ್ನ ಮೇಲೆ ಒಂದು ಮಾತೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆ ಬೆಳಿಗ್ಗೆಯಿಂದ ಏಳು ವರ್ಷ. ಕೈ ನಡುಕ ನಿಂತಿತು. ಮಧ್ಯಾಹ್ನದ ಮೇಲೂ ಬೆಳಗಿನ ಭಾವನೇ ಅಂಗಡಿಯಲ್ಲಿರುತ್ತಿದ್ದರು. ಸಂಜೆ ಅಕ್ಕ ಅಂಗಡಿಗೆ ಬಂದು ಗುಂಡಿ ಹಾಕುತ್ತ ಕೂರುತ್ತಿದ್ದಳು, ಇಬ್ಬರೂ ಏನೋ ಮಾತಾಡಿಕೊಂಡು ನಗುತ್ತಿದ್ದರು. ಹುಣ್ಣಿಮೆ ಹತ್ತಿರ ಬಂದಾಗಲೆಲ್ಲ ನನಗೆ ಫೋನು ಮಾಡಿ, ಮಂಡ್ಯಕ್ಕೆ ಹೋಗೋಣ ಬಾ ಅನ್ನುವರು. ನನಗೆ ಯಾವಾಗಲೂ ಶಿಫ್ಟು. ಅವರ ಅಂಗಡಿಗೆ ಹೋಗುವುದನ್ನೂ ಕಡಿಮೆ ಮಾಡಿದೆ. ಅಲ್ಲಿ ನನಗೇನು ಕೆಲಸ...

ಅವರು ಬಿಡುವ ಹೊತ್ತಿಗೇ ಈಲಿ, ಅದೇ ಲಿವರ್ರು, ಹಾಳಾಗಿತ್ತು ಅಂತ ಗೊತ್ತಾದದ್ದು ತಡವಾಗಿ. ಹೊಟ್ಟೆಯಲ್ಲಿ ನೀರು ತುಂಬಿ ಮಂಡ್ಯದ ಆಸ್ಪತ್ರೆ ಸೇರಿದರು. ನೋಡಲು ಬಂದವರೆಲ್ಲ ಆಚೆ ಹೋಗಿ ಒಂದೇ ಮಾತು ಆಡಿಕೊಂಡರು, ಕದ್ದು ಕುಡಿಯುತ್ತಿದ್ದ ಅಂತ. ಅದು ಭಾವನ ಕಿವಿಗೂ ಬಿದ್ದಿತ್ತು. ಸಾಯುವ ಭಯಕ್ಕಿಂತ ಆ ಮಾತು ಅವರನ್ನು ಹೆಚ್ಚು ಕಿತ್ತು ತಿಂದಿತು ಅನ್ನಿಸುತ್ತದೆ. ಒಂದು ದಿನ ನನ್ನ ಮಣಿಕಟ್ಟು ಹಿಡಿದುಕೊಂಡು, “ನೀನಾರ ಏಳ್ಲಾ ಜನಕ್ಕೆ, ನಾನು ಬುಟ್ಟಿದ್ದೆ ಅಂತ,” ಅಂದರು. ಹೇಳುತ್ತೇನೆ ಅಂದೆ. ಆ ವಾರವೇ ಹೋಗಿಬಿಟ್ಟರು.

ಎರಡು ತಿಂಗಳಿಗೆ ಪಿತೃಪಕ್ಷ ಬಂತು. ನಮ್ಮ ಕಡೆ ಸತ್ತವರಿಗೆ ಎಡೆ ಇಡುವಾಗ ಅವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕು. ಭಾವನ ಫೋಟೋದ ಮುಂದೆ ಹೂವು ದೀಪ ಇಟ್ಟರೆ ಸಾಕು, ಅವರ ಧರ್ಮ ಅದು ಅಂತ ಅಕ್ಕನ ಆಸೆ. ಭಾವನ ತಾಯಿ ಒಪ್ಪಲಿಲ್ಲ, ನನ್ನ ಮಗ ಉಪವಾಸ ಹೋಗಬೇಕೇ ಅಂತ ಅತ್ತರು. ಆ ಮುದುಕಿಯ ಅಳುವಿಗೆ ಅಕ್ಕ ಸೋತಳು. ಮುದ್ದೆ, ಬಾಡಿನ ಸಾರು, ವಡೆ, ಹೊಸ ಪಂಚೆ, ಒಂದು ಕಟ್ಟು ಬೀಡಿ.

ನಾನು ಶಿಫ್ಟು ಮುಗಿಸಿ ಊರಿಗೆ ಹೊರಟವನು ಮಳವಳ್ಳಿಯಲ್ಲಿ ಇಳಿದು, ನಾವಿಬ್ಬರೂ ಕುಡಿಯುತ್ತಿದ್ದ ಅದೇ ಹೆಸರಿನ ಒಂದು ಕ್ವಾರ್ಟರ್ ತಂದೆ. ಯಾರೂ ಹೇಳಿರಲಿಲ್ಲ. ಭಾವನಿಗೆ ಏನಿಷ್ಟ ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ, ಬೇರೇನೂ ಹೊಳೆದಿರಲಿಲ್ಲ. ಏಳು ವರ್ಷ ಅವರು ಏನು ತಿನ್ನುತ್ತಿದ್ದರು, ಏನು ನೋಡಿ ನಗುತ್ತಿದ್ದರು ಒಂದೂ ನನಗೆ ಗೊತ್ತಿರಲಿಲ್ಲ. ನನ್ನ ತಲೆಯೊಳಗೆ ಅವರು ಇನ್ನೂ ನಾವು ಕುಡಿಯಲು ಕೂರುತ್ತಿದ್ದ ಹಳೇ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದರು. ಪ್ರೀತಿಯಿಂದಲೇ ತಂದೆ, ಕಣ್ಣೀರು ಒರೆಸಿಕೊಂಡೇ ಎಲೆಯ ಪಕ್ಕಕ್ಕೆ ಇಟ್ಟೆ.

ಹಿರಿಯರು ಬಂದು ಉಣ್ಣಲಿ ಅಂತ ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಎಲ್ಲರೂ ಆಚೆ ನಿಲ್ಲುವುದು ರೂಢಿ. ಬಾಗಿಲು ತೆಗೆದಾಗ ನೆಂಟರೆಲ್ಲ ಕೈಮುಗಿಯಲು ಒಳಗೆ ನುಗ್ಗಿದರು. ಬಸರಾಳಿನಿಂದ ಬಂದಿದ್ದ ಭಾವನ ದೊಡ್ಡಪ್ಪ ಎಡೆಯನ್ನು ನೋಡಿ, ಬೇಸರವೂ ಇಲ್ಲದೆ, ವ್ಯಂಗ್ಯವೂ ಇಲ್ಲದೆ, “ಕೊನೆಗಂಟ ಬುಟ್ಟಿರ್ನಿಲ್ಲ, ಪಾಪ,” ಅಂದರು. ಉಳಿದವರು ತಲೆಯಾಡಿಸಿದರು.

ಬಾಯಿ ತೆರೆಯಬೇಕಾದ ಗಳಿಗೆ ಅದು. ಎಲ್ಲರ ಜೊತೆ ನಾನೂ ಬಗ್ಗಿ ಕೈಮುಗಿದೆ.

ಊಟವಾದ ಮೇಲೆ ಅಕ್ಕ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ನಾನು ಹೋಗಿ ನಿಂತೆ. ತಲೆ ಎತ್ತದೆ ಹೇಳಿದಳು.

“ಏಳು ವರ್ಸ ಅಲ್ಲು ಕಚ್ಕಂಡಿದ್ರು ಕಣಪ್ಪ ನಿಮ್ ಭಾವ. ಸತ್ತೋದ್ ಮ್ಯಾಲೆ ಕುಡ್ಸ್‌ಬುಟ್ಯಲ್ಲ.”

ಎಡೆಗೆ ಇಟ್ಟದ್ದನ್ನು ಮನೆಯವರು ಹಂಚಿಕೊಳ್ಳಬೇಕು. ಆ ಕ್ವಾರ್ಟರನ್ನು ಗಂಡಸರು ಹಂಚಿಕೊಂಡರು. ಅಕ್ಕನ ಮಾತು ಕೇಳಿ ಬಂದ ಮೇಲೂ ನನ್ನ ಪಾಲನ್ನು ನಾನು ಕುಡಿದೆ. ಇಷ್ಟು ಬರೆದ ಮೇಲೆ ಅದೊಂದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನಾನು ಬಿಡಲು ಇನ್ನೂ ಎರಡು ವರ್ಷ ಹಿಡಿಯಿತು. ನಡುವೆ ನಾಲ್ಕು ಸಲ ಮುರಿಯಿತು, ನಾಲ್ಕು ಬೆಳಿಗ್ಗೆ ಎದ್ದು ಮತ್ತೆ ಹೇಳಿಕೊಂಡೆ. ಈಗ ಹುಣ್ಣಿಮೆಗೆ ಮಂಡ್ಯಕ್ಕೆ ಒಬ್ಬನೇ ಹೋಗುತ್ತೇನೆ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಐದನೆಯ ಸಾಲಿಗೆ ಬಂದಾಗ ನನ್ನ ನಾಲಿಗೆಯೂ ತೊಡರುತ್ತದೆ. ಭಾವ ಪಕ್ಕದಲ್ಲಿದ್ದಿದ್ದರೆ ಎಂದು ಆಗ ತುಂಬ ಸಂಕಟವಾಗುತ್ತದೆ.

ನೆಂಟರ ಮನೆಗೆ ಹೋದಲ್ಲೆಲ್ಲ ಹೇಳುತ್ತ ಬಂದಿದ್ದೇನೆ, ಭಾವ ಬಿಟ್ಟಿದ್ದರು, ಅದನ್ನು ಎಡೆಗೆ ಇಟ್ಟವನು ನಾನು ಅಂತ. ಕಳೆದ ವಾರ ಬಸರಾಳಿಗೆ ಹೋಗಿ ಆ ದೊಡ್ಡಪ್ಪನಿಗೂ ಹೇಳಿದೆ. ಅವರು ನನ್ನ ಬೆನ್ನು ತಟ್ಟಿದರು. “ಸತ್ತೋರ್ ಮ್ಯಾಲೆ ಪ್ರೀತಿ ಇರ್ಬೇಕು ಕಣಪ್ಪ, ಒಳ್ಳೇದು,” ಅಂದರು. ನಂಬಲಿಲ್ಲ. ಅವರಿಗೆ ಕಾಫಿ ಬಂತು, ನನಗೂ ಬಂತು, ಮಾತು ಕಬ್ಬಿನ ಕಡೆಗೆ ಹೊರಳಿತು. ನಾನು ಬಿಟ್ಟು ವರ್ಷದ ಮೇಲಾಯಿತು, ಅದನ್ನು ಎಲ್ಲರೂ ನಂಬುತ್ತಾರೆ. ಅವರ ಬಾಯಲ್ಲಿ ಭಾವ ಮಾತ್ರ ಇವತ್ತಿಗೂ ಬಿಟ್ಟಿಲ್ಲ.