ಕರೆಂಟ್ ಕಟ್ಟಾಯ್ತು

ನಮ್ಮ ಭಾವ ಬೈಂಡಿಂಗ್ ಕೆಲಸದವರು. ಬೆನ್ನು ಮುರಿದುಕೊಂಡು ಬಂದ ಪುಸ್ತಕಗಳಿಗೆ ಹೊಲಿಗೆ ಹಾಕಿ, ರಟ್ಟು ಕಟ್ಟಿ, ಮತ್ತೆ ಕಪಾಟಿನಲ್ಲಿ ನೆಟ್ಟಗೆ ನಿಲ್ಲುವಂತೆ ಮಾಡಿ ಕಳಿಸುತ್ತಾರೆ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅಲ್ಲಿ ಕೈಯಿಂದ ತಿರುಗಿಸುವ ಕಬ್ಬಿಣದ ಪ್ರೆಸ್ಸು, ಅಂಚು ಕತ್ತರಿಸುವ ಯಂತ್ರ, ಒಂದು ಪಾತ್ರೆ ಮೈದಾ ಅಂಟು. ಆ ಅಂಟಿನ ವಾಸನೆ ಪರದೆ, ದಿಂಬುಗಳನ್ನು ದಾಟಿ ಅಡುಗೆಮನೆಯವರೆಗೂ ಬಂದಿದೆ. ಅವರನ್ನು ಕಟ್ಟಿಕೊಂಡ ನಮ್ಮಕ್ಕನಿಗೆ ಈಗ ಅದು ಮೂಗಿಗೇ ಬಡಿಯುವುದಿಲ್ಲವಂತೆ.

ಬಿಲ್ಲಿನ ವಿಷಯದಲ್ಲಿ ಭಾವನದು ಭಾರಿ ಮಡಿ. ಬಂದ ದಿನವೇ ಕಟ್ಟಬೇಕು. ಮೀಟರ್ ಓದುವವನು ಚೀಟಿ ಹರಿದು ಕೊಟ್ಟು ಪಕ್ಕದ ಮನೆಯ ಗೇಟು ತೆಗೆಯುವಷ್ಟರಲ್ಲಿ ಭಾವ ಚಪ್ಪಲಿ ಮೆಟ್ಟಿರುತ್ತಾರೆ. ಕೌಂಟರಿನಲ್ಲೇ ಕಟ್ಟಬೇಕು, ನೋಟಿನಲ್ಲೇ ಕಟ್ಟಬೇಕು, ಆ ನೋಟಿನ ಕಿವಿ ಮಡಚಿರಬಾರದು. ಫೋನಿನಲ್ಲಿ ಒತ್ತಿದರೆ ಮುಗಿಯಿತಲ್ಲ ಎಂದು ನಾನೊಮ್ಮೆ ಬುದ್ಧಿ ಹೇಳಲು ಹೋಗಿದ್ದೆ.

"ಫೋನು ಟಿಂಗ್ ಅನ್ನತ್ತೆ, ಸರಿ. ಆ ಟಿಂಗ್‌ನ ಎಲ್ಲಿ ಅಂಟಿಸಲಿ?" ಎಂದು ಕೇಳಿದರು.

ಅಂಟಿಸುವುದೇ ಇಲ್ಲಿ ಮುಖ್ಯ. ಪ್ರತಿ ವರ್ಷದ ರಸೀದಿಗಳನ್ನು ಹಾಳೆಗಳಿಗೆ ಅಂಟಿಸಿ, ಮಸಿ ಮಾಸೀತೆಂದು ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಅಂಕಿಗಳನ್ನು ಬರೆದು, ವರ್ಷದ ಕೊನೆಗೆ ಬೈಂಡ್ ಮಾಡಿ, ಬೆನ್ನಿನ ಮೇಲೆ ಬಂಗಾರದ ಬಣ್ಣದಲ್ಲಿ ಇಸವಿ ಅಚ್ಚು ಹಾಕುತ್ತಾರೆ. ಇಪ್ಪತ್ತಾರು ಸಂಪುಟಗಳಾಗಿವೆ. ಮನೆಗೆ ಬಂದವರಿಗೆ ಬೇರೆಯವರು ಮದುವೆಯ ಫೋಟೋ ತೋರಿಸುತ್ತಾರೆ, ಭಾವ ಇವನ್ನು ಇಳಿಸುತ್ತಾರೆ. ಪ್ರತಿ ರಸೀದಿಯ ಕೆಳಗೆ 'ದಂಡ' ಎಂದೊಂದು ಸಾಲಿದೆ. ಇಪ್ಪತ್ತಾರು ವರ್ಷವೂ ಅಲ್ಲಿ ಬರೀ ಸೊನ್ನೆ. ಆ ಸೊನ್ನೆಗಳ ಮೇಲೆ ಭಾವ ಬೆರಳಾಡಿಸುವುದನ್ನು ನೋಡಬೇಕು, ಮೊಮ್ಮಗುವಿನ ಕೆನ್ನೆ ಸವರಿದಂತಿರುತ್ತದೆ.

ಇನ್ನು ನನ್ನ ಸಂಗತಿ. ಬಿಲ್ಲನ್ನು ಕೊನೇ ದಿನದವರೆಗೆ ಷರಟಿನ ಜೇಬಿನಲ್ಲಿ ಹಣ್ಣಾಗಲು ಬಿಡುವವನು ನಾನು. ನನ್ನ ಹೆಂಡತಿ ಬಟ್ಟೆ ಒಗೆಯುವ ಮುಂಚೆ ನನ್ನ ಜೇಬುಗಳನ್ನು ಪೊಲೀಸರ ಹಾಗೆ ತಪಾಸಣೆ ಮಾಡುತ್ತಾಳೆ.

ಇಂಥ ನನ್ನ ಕೈಗೆ ಭಾವನ ಕರೆಂಟ್ ಬಿಲ್ಲು ಬಂತು. ಹಾಲಿಗೆ ಬೆಕ್ಕನ್ನು ಕಾವಲಿಟ್ಟ ಹಾಗಾಯಿತು. ಅವರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಒಂದು ತಿಂಗಳು ಧೂಳು ತಾಗಬಾರದು, ಓದಬಾರದು, ಬಗ್ಗಬಾರದು. ಅಕ್ಕ ಆಸ್ಪತ್ರೆಗೂ ಮನೆಗೂ ಓಡಾಡುತ್ತಿದ್ದಳು. ಭಾವ ಬಿಲ್ಲನ್ನು ಎರಡೂ ಕೈಯಿಂದ ಹಿಡಿದು ನನಗೆ ಕೊಟ್ಟರು. ಇವತ್ತೇ ಕಟ್ಟು ಎನ್ನಲಿಲ್ಲ, ಪಾಪ. ಕಟ್ಟುವುದೆಂದರೆ ಇವತ್ತೇ ಅಲ್ಲದೆ ಇನ್ನೊಂದು ಅರ್ಥವಿರಬಹುದೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಮರುದಿನ ಮಧ್ಯಾಹ್ನ ಮನೆಯಲ್ಲಿ ಚಟ್ನಿ ರುಬ್ಬುತ್ತಿದ್ದೆ. ಬೀದಿಯಲ್ಲಿ ತಂತಿಗೆ ತಾಗಿದ ಕೊಂಬೆ ಕಡಿಯುತ್ತಿದ್ದರು. ಮಿಕ್ಸಿ ಗೊರ್ ಎಂದು ನಿಂತಿತು. ಅದೇ ಗಳಿಗೆಗೆ ಅಕ್ಕನ ಫೋನು.

"ಕರೆಂಟ್ ಕಟ್ಟಾಯ್ತೇನೋ?"

"ಹೂಂ ಅಕ್ಕ, ಈಗ ತಾನೇ ಕಟ್ಟಾಯ್ತು. ನಿನಗೆ ಹೇಗೆ ಗೊತ್ತಾಯ್ತು?"

"ನನಗೇನು ಗೊತ್ತು? ನಿಮ್ಮ ಭಾವ ಕೇಳು ಅಂದ್ರು. ಬೆಳಗ್ಗೆಯಿಂದ ನಾಲ್ಕು ಸಲ ಆಯ್ತು."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನಾನು ಆ ಜಾತಿಯವನು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿರುವ ಮನುಷ್ಯನಿಗೆ ಭಾಮೈದನ ಮನೆಯ ಕರೆಂಟಿನ ಚಿಂತೆ, ಎಂಥ ಅಂತಃಕರಣ ಎಂದುಕೊಂಡೆ. ಅಲ್ಲಿ ಅಕ್ಕ, ಕಟ್ಟಾಯಿತಂತೆ ಎಂದು ಹೇಳಿದಳು. ಭಾವ ಗೋಡೆಯ ಕಡೆ ಹೊರಳಿ ನಿದ್ದೆ ಹೋದರಂತೆ.

ಎರಡು ದಿನ ಬಿಟ್ಟು ನೋಡಲು ಹೋದೆ. ಚೀಟಿ ಎಲ್ಲಿ ಎಂದು ಕೇಳಿದರು. ಜೇಬಿನಲ್ಲೇ ಇದೆ, ಜೋಪಾನವಾಗಿದೆ ಎಂದೆ. ಅದು ನಿಜವೇ. ಮಡಚಬೇಡ, ಕಣ್ಣು ಬಿಚ್ಚಿದ ಮೇಲೆ ಅಂಟಿಸುತ್ತೇನೆ ಎಂದರು. ಬಿಲ್ಲನ್ನೂ ಅಂಟಿಸುತ್ತಾರೆಯೇ ಎಂದು ಆಶ್ಚರ್ಯವಾಯಿತು. ಆಪರೇಷನ್ ಆದವರ ಹತ್ತಿರ ವಾದ ಯಾಕೆಂದು ಆಗಲಿ ಎಂದೆ. ರಸೀದಿಯೂ ಚೀಟಿ, ಬಿಲ್ಲೂ ಚೀಟಿ. ನಮ್ಮಿಬ್ಬರ ನಡುವೆ ಚೀಟಿ ಒಂದೇ ಇತ್ತು, ನೆಮ್ಮದಿ ಮಾತ್ರ ಎರಡು.

ನನ್ನ ಲೆಕ್ಕದಲ್ಲಿ ಇನ್ನೂ ಬೇಕಾದಷ್ಟು ದಿನವಿತ್ತು. ನಮ್ಮ ಬೀದಿಗೆ ಕೊನೇ ದಿನ ಇಪ್ಪತ್ತೇಳು. ಅಕ್ಕನ ಬೀದಿಗೆ ಹದಿನೇಳು. ಬಿಲ್ಲಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು, ಆದರೆ ಬಿಲ್ಲನ್ನು ಓದುವ ಅಭ್ಯಾಸ ನನಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಇಪ್ಪತ್ತಾರರ ಬೆಳಗ್ಗೆ ನಾಳೆ ಕಟ್ಟಿದರಾಯಿತೆಂದು ಕಾಫಿ ಕುಡಿಯುತ್ತಿದ್ದೆ. ಅಕ್ಕನ ಫೋನು ಬಂತು.

"ಏನೋ ಇದು? ನಮ್ಮನೆ ಕರೆಂಟ್ ಕಟ್ಟಾಯ್ತಲ್ಲೋ."

"ಹೌದಾ? ಬದುಕಿದೆ ಬಿಡು. ಯಾರ ಕೈಲಿ?"

"ಲೈನ್‌ಮನ್ ಕೈಲಿ, ಇನ್ಯಾರ ಕೈಲಿ?"

"ಪಾಪ, ಒಳ್ಳೆ ಮನುಷ್ಯ."

"ಒಳ್ಳೆ ಮನುಷ್ಯನಾ? ಕಂಬ ಹತ್ತಿದ, ಇಳಿದ, ಒಂದು ಮಾತೂ ಆಡದೆ ಹೋದ."

"ಒಳ್ಳೆಯವರು ಹಾಗೇ ಅಕ್ಕ, ಹೇಳಿಕೊಳ್ಳಲ್ಲ. ಆದ್ರೆ ಕಂಬ ಯಾಕೆ ಹತ್ತಿದ?"

ತನ್ನ ತಮ್ಮನಿಗೆ ಏನೋ ಆಗಿದೆ, ಆಪರೇಷನ್ ಕಣ್ಣಿಗಷ್ಟೇ ಸಾಲದು ಎಂದು ಅಕ್ಕನಿಗೆ ಅನಿಸಿತಂತೆ. ಫೋನು ಭಾವನ ಕೈಗೆ ಹೋಯಿತು.

"ಅವತ್ತು ಕಟ್ಟಾಯ್ತು ಅಂದೆಯಲ್ಲಪ್ಪ?"

"ಅಂದೆ ಭಾವ. ನಮ್ಮನೇದು."

"ನಿಮ್ಮನೇದು ಕಟ್ಟಿ, ನಮ್ಮನೇದು ಬಿಟ್ಟೆಯಾ?"

"ನಮ್ಮನೇದೂ ಕಟ್ಟಿಲ್ಲ ಭಾವ, ಕಟ್ಟಾಗಿತ್ತು."

"ಕಟ್ಟದೆ ಹೇಗಪ್ಪ ಕಟ್ಟಾಗತ್ತೆ?"

"ಕಟ್ಟದಿದ್ರೇ ಅಲ್ವಾ ಭಾವ, ಕಟ್ಟಾಗೋದು."

ಹೇಳಿದ ಮೇಲೆ ನನ್ನ ಮಾತು ನನಗೇ ಅರ್ಥವಾಯಿತು. ಜೇಬು ಮುಟ್ಟಿ ನೋಡಿಕೊಂಡೆ. ಬಿಲ್ಲು ಬೆಚ್ಚಗೆ ಮಲಗಿತ್ತು. ಭಾವ ಬೈಯಲಿಲ್ಲ. ದಂಡ ಬಿತ್ತಾ ಎಂದಷ್ಟೇ ಕೇಳಿದರು. ಲೈನ್‌ಮನ್ ಕಂಬ ಹತ್ತಿ ಹೋದ ಮನೆಯಲ್ಲಿ ಅದೇನು ಕೇಳುವ ಪ್ರಶ್ನೆಯೇ? ಆದರೂ ಕೇಳಿದರು, ನಾನೂ ನೋಡಿ ಹೇಳುತ್ತೇನೆ ಎಂದೆ.

ಕಚೇರಿಗೆ ಓಡಿದೆ. ಕೌಂಟರಿನ ಗುಮಾಸ್ತರು ಬಿಲ್ಲಿನ ಮೇಲಿನ ನಂಬರು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊದಲನೇ ದಿನದವರ ಮನೇದಲ್ವಾ ಇದು?" ಎಂದು ಕೇಳಿದರು. ಆಮೇಲೆ ಧ್ವನಿ ತಗ್ಗಿಸಿ, "ಯಾವಾಗ ಹೋದ್ರು ಸಾರ್?"

ಹೋಗಿಲ್ಲ, ಕಣ್ಣು ಮಾತ್ರ ಸ್ವಲ್ಪ ಕೆಟ್ಟಿತ್ತು, ತಪ್ಪು ನನ್ನದು ಎಂದು ವಿವರಿಸುವಷ್ಟರಲ್ಲಿ ಬೆವರಿಳಿಯಿತು. ದಂಡವನ್ನು ನಾನೇ ಕೊಡುತ್ತೇನೆ, ಅದಕ್ಕೆ ಬೇರೆ ರಸೀದಿ ಹರಿದುಬಿಡಿ, ಇದರಲ್ಲೊಂದು ಸೊನ್ನೆ ಇರಲಿ ಎಂದು ಅಂಗಲಾಚಿದೆ. ಸೊನ್ನೆಗಾಗಿ ಬೇಡಿಕೊಂಡವನನ್ನು ಅವರು ಅದೇ ಮೊದಲು ನೋಡಿದ್ದಿರಬೇಕು. ಕಂಪ್ಯೂಟರು ಎರಡನ್ನೂ ಸೇರಿಸಿಯೇ ಹೊಡೆಯುತ್ತದೆ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಹೊಡೆಯಿತು. ದಂಡ ನಾನು ಕುಡಿದು ಬಂದ ಕಾಫಿಯ ಬೆಲೆಯಷ್ಟೂ ಇರಲಿಲ್ಲ.

ಸಂಜೆಗೆ ಕರೆಂಟ್ ಬಂತು. ಭಾವ ಬಿಚ್ಚಿದ ಒಂದು ಕಣ್ಣಿನಿಂದ ರಸೀದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಈ ವರ್ಷದ ಬಿಡಿ ಹಾಳೆಗಳನ್ನು ತೆಗೆದು ಪಕ್ಕದಲ್ಲಿಟ್ಟರು. ರಸೀದಿಯನ್ನು ಹಾಳೆಯ ಮೇಲಿಟ್ಟರು, ಎತ್ತಿದರು, ಮತ್ತೆ ಇಟ್ಟರು. ಇಪ್ಪತ್ತಾರು ವರ್ಷ ಬೈಂಡ್ ಮಾಡಿದ ಕೈಗೆ ಎಲ್ಲಿ ಅಂಟಿಸುವುದೆಂದು ತಿಳಿಯಲಿಲ್ಲ.

"ಒಲೆಗೆ ಹಾಕಿ" ಎಂದಳು ಅಕ್ಕ.

ಕತ್ತರಿಸುವ ಯಂತ್ರ ಇಲ್ಲೇ ಇದೆಯಲ್ಲ, ದಂಡದ ಸಾಲಿರುವ ಕೆಳಗಿನ ಒಂದು ಬೆರಳಗಲವನ್ನು ಸವರಿಬಿಡೋಣ ಎಂದು ನಾನು ಸೂಚಿಸಿದೆ. ಭಾವ ನನ್ನ ಕಡೆ ತಿರುಗಿದರು.

"ಅಂಚು ಕತ್ತರಿಸಬಹುದು. ಅಕ್ಷರ ಇರೋ ಕಡೆ ಬ್ಲೇಡು ಇಳಿಸಬಾರದು" ಎಂದರು. ನಾನು ಚಪ್ಪಲಿ ಮೆಟ್ಟಿ ಮನೆಗೆ ಬಂದೆ.

ಒಂದು ವಾರ ಆ ಮನೆಯ ಕಡೆ ಸುಳಿಯಲಿಲ್ಲ. ಆಮೇಲೆ ಅವರೇ ಕರೆಸಿದರು. ಎರಡೂ ಕಣ್ಣು ಬಿಚ್ಚಿದ್ದವು. ಇಪ್ಪತ್ತೇಳನೆಯ ಸಂಪುಟದ ಹಾಳೆಗಳಲ್ಲಿ ಆ ತಿಂಗಳಿನದು ಖಾಲಿ ಇತ್ತು. ನನ್ನ ಕೈಗೆ ಅವರು ಅಂಗೈಯಗಲದ ಒಂದು ಪುಸ್ತಕ ಇಟ್ಟರು. ಗಟ್ಟಿ ರಟ್ಟು, ಕೆಂಪು ಬಟ್ಟೆಯ ಬೆನ್ನು, ಅದರ ಮೇಲೆ ಬಂಗಾರದ ಬಣ್ಣದಲ್ಲಿ 'ಭಾಮೈದ, ಸಂಪುಟ ೧'. ತೆರೆದರೆ ಮೊದಲ ಹಾಳೆಯಲ್ಲಿ ದಂಡದ ರಸೀದಿ, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಅಂಕಿ. ಅದರ ಹಿಂದೆ ಖಾಲಿ ಹಾಳೆಗಳು. ಎಣಿಸಿದೆ, ಹನ್ನೊಂದಿದ್ದವು.

"ಖಾಲಿ ಹಾಳೆ ಯಾಕೆ ಭಾವ?"

"ಒಂದೇ ಹಾಳೆಗೆ ಹೊಲಿಗೆ ನಿಲ್ಲಲ್ಲಪ್ಪ" ಎಂದರು.

ಆ ಮಾತಿನಲ್ಲಿ ಬೈಂಡಿಂಗ್ ಎಷ್ಟು, ಬೈಗುಳ ಎಷ್ಟು ಎಂದು ನನಗೆ ಗೊತ್ತಾಗಲಿಲ್ಲ. ಅಕ್ಕನ ಮುಖ ನೋಡಿದೆ, ಅವಳು ಅನ್ನಕ್ಕೆ ಇಟ್ಟಿದ್ದೇನೆಂದು ಒಳಗೆ ಹೋದಳು. ಹೊಲಿಗೆಗೆ ಎರಡು ಹಾಳೆ ಸಾಕಲ್ಲವೇ, ಹನ್ನೆರಡೇ ಯಾಕೆ ಎಂದು ಕೇಳೋಣವೆಂದುಕೊಳ್ಳುವಷ್ಟರಲ್ಲಿ ಗೇಟಿನ ಸದ್ದಾಯಿತು. ಮೀಟರ್ ಓದುವವನು ಚೀಟಿ ಹರಿದು ಕೊಟ್ಟು ಹೋದ. ಕಣ್ಣು ನೆಟ್ಟಗಿರುವ ಭಾವ ಅದನ್ನು ಪೂರ್ತಿ ಓದಿ, ಎರಡೂ ಕೈಯಿಂದ ಹಿಡಿದು ನನಗೆ ಕೊಟ್ಟರು.

ಇದು ಶಿಕ್ಷೆಯೋ, ನಂಬಿಕೆಯೋ? ಯೋಚಿಸಲು ಬಿಡುವಿರಲಿಲ್ಲ. ಪಕ್ಕದ ಮನೆಯ ಗೇಟು ಆಗಲೇ ಕಿರುಗುಟ್ಟುತ್ತಿತ್ತು. ಕೌಂಟರಿನ ಸಾಲಿನಲ್ಲಿ ನಿಂತ ಮೇಲೆ ಕೆಳಗೆ ನೋಡಿಕೊಂಡೆ. ಒಂದು ಕಾಲಿನಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ಭಾವನದು.