ಎರಡು ಕಿಟಕಿಗಳ ನಡುವಿನ ಬೋರ್ಡು

ಮೇಷ್ಟ್ರಾದ ಮೊದಲ ವರ್ಷ ನನಗಿದ್ದ ಜಂಭ ನೆನೆದರೆ ಈಗಲೂ ಮೈ ಉರಿಯುತ್ತದೆ. ಐವತ್ತರ ದಶಕದ ಕೊನೆ. ಯಶವಂತಪುರ ಸ್ಟೇಷನ್ನಿನ ಹಿಂದೆ ಹೆಂಚಿನ ಸ್ಕೂಲು, ನಾಲ್ಕನೇ ಕ್ಲಾಸು. ಮಕ್ಕಳು ಕಲಿಯದಿದ್ದರೆ ತಪ್ಪು ಮಕ್ಕಳದಲ್ಲ, ಕೋಣೆಯದು ಎಂದು ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಮೇಷ್ಟ್ರದೂ ಇರಬಹುದು ಎಂದು ಹೇಳಿದ ದಿನ ನಾನು ರಜೆ ಹಾಕಿದ್ದೆನೋ ಏನೋ.

ಸರಿ, ಒಂದು ಶನಿವಾರ ಬೆಂಚುಗಳನ್ನೆಲ್ಲ ಅರ್ಧಚಂದ್ರಾಕಾರಕ್ಕೆ ತಿರುಗಿಸಿದೆ. ಪಕ್ಕದ ಗೋಡೆಯ ಬೋರ್ಡನ್ನು ಇಳಿಸಿ, ಪೂರ್ವದ ಗೋಡೆಯಲ್ಲಿ ಎರಡು ಕಿಟಕಿಗಳ ನಡುವೆ ದೇವರ ಪಟದ ಹಾಗೆ ತೂಗುಹಾಕಿದೆ. ಹೆಡ್‌ಮಾಸ್ಟರು ಇಣುಕಿ, "ಏನ್ರೀ ಇದು, ಹರಿಕಥೆ ಇದ್ಯಾ?" ಅಂದರು. ಹಳೇ ಕಾಲದವರು, ಪಾಪ, ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಬೋರ್ಡಿನ ಮೇಲೆ ಭಾಗಾಕಾರ ಬರೆದು, ಮಧ್ಯದ ಬೆಂಚಿನ ಹುಡುಗಿಯನ್ನು ಎಬ್ಬಿಸಿದೆ. ಜಟಕಾ ಓಡಿಸುವವರ ಮಗಳು, ಉರ್ದು ಸ್ಕೂಲಿನಿಂದ ಆ ವರ್ಷ ತಾನೇ ಬಂದವಳು. ಹೆದರಿದರೆ ಇದ್ದಬದ್ದ ಕನ್ನಡವೂ ಮರೆತುಹೋಗುತ್ತಿತ್ತು. "ದಿಸ್ತಾ ನೈ ಸಾ," ಅಂದಳು.

ನಾನೋ ಹಿಂದಿಯ ಮೊದಲ ಪರೀಕ್ಷೆ ಪಾಸು ಮಾಡಿದ ಮಹಾಪಂಡಿತ. ನನ್ನ ಕಿವಿಗೆ ಅದು "ದೇತಾ ನಹೀಂ" ಎಂದು ಬಿತ್ತು. ಕೊಡೋದಿಲ್ಲ! ಉತ್ತರ ಕೊಡೋದಿಲ್ಲವಂತೆ! ಸಾಲದ್ದಕ್ಕೆ ವ್ಯಾಕರಣವೂ ತಪ್ಪು. "ಹುಡುಗಿಯಾದವಳು ದೇತೀ ನಹೀಂ ಅನ್ಬೇಕು," ಎಂದು ತಿದ್ದಿ, ಕೊನೆಯ ಬೆಂಚಿಗೆ ಅಟ್ಟಿದೆ. ಮೂರನೇ ದಿನ ಆ ಮಗು "ದಿಸ್ತೀ ನೈ" ಅಂತಲೂ ಹೇಳಿ ನೋಡಿತು. ಅಯ್ಯೋ, ನನ್ನ ಪಾಠ ಹತ್ತಿತು ಎಂದು ಬೀಗಿದೆ! ಶುಕ್ರವಾರ "ಮೊಂಡಿ, ಓದು ಹತ್ತುವುದಿಲ್ಲ" ಎಂದು ಮನೆಗೆ ಚೀಟಿ ಕಳಿಸಿದೆ.

ಮರುದಿನ ಬೆಳಿಗ್ಗೆಯೇ ಅವಳಪ್ಪ ಬಂದರು. "ಟೀಸಿ ಕೊಡಿ ಮೇಷ್ಟ್ರೇ. ಓದು ಹತ್ತಲ್ಲ ಅಂದ್ಮೇಲೆ ಮನೇಲಿ ಅಗರಬತ್ತಿ ಹೊಸೀಲಿ." ಹುಡುಗಿ ಬೆಂಚು ಬಿಟ್ಟು ಏಳಲಿಲ್ಲ, ಬಿಕ್ಕುತ್ತಿದ್ದಳು. ಅವಳು ಎಂಥ ಉತ್ತರ ಕೊಟ್ಟಳೆಂದು ನಾನು ದೊಡ್ಡದಾಗಿ ವಿವರಿಸಿದೆ. ಅವರು ಮಗಳನ್ನೇ ಕೇಳಿ ತಿಳಿದುಕೊಂಡರು.

"ದಿಸ್ತಾ ನೈ ಅಂದ್ರೆ ಕಾಣ್ಸಲ್ಲ ಅಂತ ಮೇಷ್ಟ್ರೇ," ಎಂದವರು ಅವಳ ಪಕ್ಕ ಕೂತು ಬೋರ್ಡಿನ ಕಡೆ ನೋಡಿದರು. "ನಂಗೂ ಕಾಣ್ಸಲ್ವಲ್ಲ!"

ಆ ಬೆಂಚಿನ ಮೇಲೆ ನಾನೂ ಮೊದಲ ಸಲ ಕೂತೆ. ಎರಡೂ ಕಿಟಕಿಗಳಿಂದ ಬಿಸಿಲು ಕಣ್ಣಿಗೆ ರಾಚಿತು. ನಡುವೆ ಬೋರ್ಡು ಬರೀ ಕಪ್ಪು ಚೌಕ, ಒಂದಕ್ಷರವೂ ಇಲ್ಲ.

"ನಿಮಗ್ಯಾರಿಗಾದ್ರೂ ಕಾಣುತ್ತೇನ್ರೋ?"

"ಇಲ್ಲಾ ಸಾ," ಅಂತು ಇಡೀ ಕ್ಲಾಸು.

"ಮತ್ತೆ ಬಾಯ್ಬಿಟ್ಟು ಹೇಳೋಕೇನಾಗಿತ್ತು?"

ಮುಂದಿನ ಬೆಂಚಿನ ಹುಡುಗಿ ತಲೆ ತಗ್ಗಿಸಿಕೊಂಡೇ, "ಹೇಳ್ದೋಳ್ನ ಹಿಂದಕ್ ಹಾಕ್ಬಿಟ್ರಲ್ಲ ಸಾ," ಅಂದಳು.

ಎದ್ದು ಸೀದಾ ಬೋರ್ಡಿನ ಹತ್ತಿರ ಹೋದೆ. ಬೋರ್ಡು ಇಳಿಸುವಾಗ ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ಅವಳಪ್ಪ. ಹಳೇ ಗೋಡೆಗೆ ಹಾಕಿದ ಮೇಲೆ ಮಗಳು ಕೂತಲ್ಲಿಂದಲೇ ಲೆಕ್ಕವನ್ನು ಗಟ್ಟಿಯಾಗಿ ಓದಿ ಉತ್ತರ ಹೇಳಿದಳು, ಸರಿಯಾಗಿ. ಅವರು ಟೀಸಿಯ ಮಾತು ಮತ್ತೆ ಎತ್ತಲಿಲ್ಲ. ಹೊರಡುವಾಗ ನನ್ನ ಹತ್ತಿರ ಬಂದು, "ನನ್ ಜಟಕಾ ಸ್ಟೇಷನ್ ಮುಂದೇನೇ ಇರ್ತದೆ ಮೇಷ್ಟ್ರೇ. ನಿಮಗೆ ಅರ್ಥ ಆಗ್ದಿದ್ರೆ ಹೇಳಿಕಳ್ಸಿ, ಬರ್ತೀನಿ," ಅಂದರು.

ಅಷ್ಟು ಮರ್ಯಾದೆಯಾಗಿ ನನ್ನನ್ನು ಯಾರೂ ಬೈದಿರಲಿಲ್ಲ.